ಕರಗಿಸಿಡು ಅಂದದ್ದು

ಅಂಬುಬಾಯಿಗೆ ಫ್ರಿಜ್ ಎಂದರೆ ಆಗುತ್ತಿರಲಿಲ್ಲ. ಮಗಳು ಪಂಚಶೀಲಾ ಕೊಡಿಸುತ್ತೇನೆಂದಾಗಲೆಲ್ಲ, ‘ತಂಗಳ ತಿನ್ನೋರ ಪೆಟ್ಟಿಗಿ ನನಗ್ಯಾಕ’ ಎಂದು ಮುಖ ತಿರುವಿದ್ದಳು. ಅಂಥವಳು ಈಗ ದಿನಾ ಪಕ್ಕದ ಮನೆಯ ಕರೀಮುನ್ನಿಸಾಳ ಫ್ರಿಜ್ ತೆರೆದು ಇಣುಕುತ್ತಿದ್ದುದು ಕಂಡು ಅಂದೋಲಾದ ಆ ಓಣಿಗೆ ಓಣಿಯೇ ನಗುತ್ತಿತ್ತು.

ಕಾರಣ ಒಂದು ಮುದ್ದೆ ಬೆಣ್ಣೆ. ಖಜೂರಿ ಊರಿಗೆ ಮದುವೆ ಮಾಡಿ ಕೊಟ್ಟಿದ್ದ ಪಂಚಶೀಲಾ ಚೊಚ್ಚಲ ಬಸುರಿ. ತಿಂದದ್ದೊಂದೂ ನಿಲ್ಲದೆ ಸೊರಗಿ ಹೋಗಿದ್ದಳು. ಒಮ್ಮೆ ಫೋನಿನಲ್ಲಿ, ‘ಅವ್ವಾ, ನಮ್ಮ ಎಮ್ಮಿ ಬೆಣ್ಣಿ ಹಚ್ಚಿದ ರೊಟ್ಟಿ ತಿನ್ನಬೇಕನಸ್ತದ’ ಎಂದಿದ್ದಳು. ನೋಡಿದರೆ ಎಮ್ಮೆಯೂ ಗಬ್ಬವಾಗಿ ಹಾಲು ಬತ್ತಿಸುತ್ತಿತ್ತು. ಕಡೆಯ ಸಲ ಕಡೆದದ್ದನ್ನು ಅಂಬುಬಾಯಿ ಮಜ್ಜಿಗೆ ಹೋಗುವವರೆಗೆ ತೊಳೆದು, ನೀರು ಹಿಂಡಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಸುತ್ತಿ, ಡಬ್ಬಿಯಲ್ಲಿಟ್ಟು ಕರೀಮುನ್ನಿಸಾಳ ಕೈಗೆ ಕೊಟ್ಟಳು. ‘ಬಳ್ಳೊಳ್ಳಿ ವಾಸನಿ ಇದಕ್ಕ ಹತ್ತಿತಂದ್ರ ನೋಡ್ ಬೇ!’ ಎಂಬ ಗದರಿಕೆ ಬೇರೆ. ಕರೀಮುನ್ನಿಸಾ ಪಾಪ, ತನ್ನ ಮಟನ್ನು, ಬೆಳ್ಳುಳ್ಳಿ ಮಸಾಲೆ ಎಲ್ಲ ಖಾಲಿ ಮಾಡಿ ಐಸ್ ಕಟ್ಟುವ ಬರ್ಫದ ಖಾನೆಯನ್ನು ಆ ಡಬ್ಬಿಯೊಂದಕ್ಕೇ ಬಿಟ್ಟುಕೊಟ್ಟಳು.

ಮಗಳನ್ನು ಕರೆತರಲು ಜೇವರ್ಗಿ ಬಸ್ ಸ್ಟ್ಯಾಂಡಿಗೆ ಹೋದಾಗ ಅಂಬುಬಾಯಿಗೆ ಥಟ್ಟನೆ ನೆನಪಾಯಿತು. ಬೆಣ್ಣೆ ಹೊರಗಿಡುವುದೇ ಮರೆತಿತ್ತು! ಕಲ್ಲಿನಂಥದ್ದನ್ನು ರೊಟ್ಟಿಗೆ ಹಚ್ಚುವುದು ಹೇಗೆ? ಅಲ್ಲಿಂದಲೇ ಫೋನ್ ಹಚ್ಚಿದಳು.

‘ಕರೀಮಾ, ಬೆಣ್ಣಿ ಹೊರಗ ತಗದು ಕರಗಿಸಿಡು. ನಾವು ಬರೂದ್ರಾಗ ತಯಾರಿರ್ಲಿ.’

‘ಆತು ಅಕ್ಕಾ, ಚಿಂತಿ ಮಾಡಬ್ಯಾಡ.’

ಮಗಳೊಂದಿಗೆ ಓಣಿಯ ತಿರುವಿಗೆ ಬರುತ್ತಲೇ ತುಪ್ಪದ ಘಮ ಮೂಗಿಗೆ ಬಡಿಯಿತು. ಕರೀಮುನ್ನಿಸಾಳ ಅಡುಗೆಮನೆಯ ಹೊಸ್ತಿಲಲ್ಲಿ ಅಂಬುಬಾಯಿ ನಿಂತಲ್ಲೇ ನಿಂತಳು.

‘ನನ್ನ ಬೆಣ್ಣಿ ಏನ್ ಮಾಡ್ದಿ ಬೇ?’

‘ನೀನೇ ಅಂದ್ಯಲ್ಲ ಅಕ್ಕಾ, ಕರಗಿಸಿಡು ಅಂತ. ವೀಳ್ಯದೆಲಿ ಹಾಕಿ ಛಲೋ ಕಾಸೀನಿ.’

ತಪ್ಪು ಯಾರದೆನ್ನುವುದು? ನಮ್ಮ ಕಡೆ ಬೆಣ್ಣೆ ಕರಗಿಸುವುದೆಂದರೆ ತುಪ್ಪ ಕಾಸುವುದೇ. ಗಟ್ಟಿಯಾದದ್ದು ತಾನಾಗಿ ಮೆತ್ತಗಾಗಲೆಂದು ಬಿಡುವ ಕೆಲಸವೇ ಫ್ರಿಜ್ ಬಂದ ಮೇಲಿನದು. ಅದಕ್ಕೊಂದು ಮಾತು ಇನ್ನೂ ಹುಟ್ಟಿಲ್ಲ. ಆದರೆ ಆ ಹೊತ್ತಿಗೆ ಅಂಬುಬಾಯಿಗೆ ಈ ನ್ಯಾಯವೆಲ್ಲ ಎಲ್ಲಿ ಕೇಳಿಸಬೇಕು?

‘ಹಾಳ ಮಾಡಿದ್ಯಲ್ಲ! ನನ್ನ ಕೂಸು ಬಾಯಿಬಿಟ್ಟು ಕೇಳಿದ್ದು ಅದೊಂದ...’ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಸೌಟು ಹಿಡಿದುಕೊಂಡೇ ಕರೀಮುನ್ನಿಸಾಳೂ ಅಳತೊಡಗಿದಳು.

ಪಂಚಶೀಲಾ ಇಬ್ಬರನ್ನೂ ದಾಟಿ ಒಳಗೆ ಹೋಗಿ ಬೋಗುಣಿಯೊಳಗೆ ಬಗ್ಗಿ ನೋಡಿ ಕರೀಮುನ್ನಿಸಾಳನ್ನು ಕೇಳಿದಳು.

‘ಖಾಲಾ, ತಳದ ಗಸಿ ಚೆಲ್ಲಿಲ್ಲಲ್ಲ?’

ಚೆಲ್ಲಿರಲಿಲ್ಲ. ಸಣ್ಣವಳಿದ್ದಾಗ ಈ ಕೆಂಪು ಗಸಿಗಾಗಿ ಅವಳು ಮಾಡದ ರಂಪವಿರಲಿಲ್ಲ. ಅದಕ್ಕೆ ಬೆಲ್ಲ ಬೆರೆಸಿ, ಜೋಳದ ರೊಟ್ಟಿ ಮುರಿದು ತಿನ್ನತೊಡಗಿದಳು. ಇಬ್ಬರೂ ಹೆಂಗಸರು ಅವಳ ಮುಖವನ್ನೇ ನೋಡಿದರು. ಅವಳು ಬಚ್ಚಲ ಕಡೆ ಓಡಲಿಲ್ಲ. ಬೆರಳು ನೆಕ್ಕುತ್ತ, ‘ಇನ್ನೊಂದು ರೊಟ್ಟಿ ಅದ ಏನ್ ಖಾಲಾ?’ ಎಂದಳು.

ಕರೀಮುನ್ನಿಸಾ ಮೂಗೊರೆಸಿಕೊಂಡು ರೊಟ್ಟಿ ಬಡಿಯಲು ಕುಳಿತಳು. ಅಂಬುಬಾಯಿಗೆ ಅವಳ ಮೇಲೆ ಜೀವವೇ ಉಕ್ಕಿ ಬಂತು. ಹೇಳಲು ಮಾತ್ರ ಬಿಗುಮಾನ.

‘ಎಮ್ಮಿ ಈದ ಮ್ಯಾಲೆ ಮತ್ತ ಬೆಣ್ಣಿ ತಂದಿಡ್ತೇನಿ.’

‘ಆವಾಗ ಏನಂತ ಹೇಳ್ತಿ ಅಕ್ಕಾ?’

‘ಏನೂ ಹೇಳಂಗಿಲ್ಲ,’ ಎಂದು ಅಂಬುಬಾಯಿ ಅವಳ ಪಕ್ಕದಲ್ಲೇ ಕುಳಿತು ಹಿಟ್ಟು ನಾದತೊಡಗಿದಳು. ‘ನಿನಗ ತಿಳದಂಗ ಮಾಡು.’