ಗುಡ್ರುನಳ ಹಾಡಿಗೆ ಲೈಸೆನ್ಸು

ಎಸ್ಬ್ಯೆರ್ಗ್ ಬಂದರಿನ ನನ್ನ ಬಾರಿಗೆ ಸಂಜೆ ಎಷ್ಟು ಜನ ಬರುತ್ತಾರೆಂದರೆ, ಒಳಗೆ ಜಾಗ ಸಾಲದೆ ಅರ್ಧ ಡೆನ್ಮಾರ್ಕ್ ಸಮುದ್ರದಲ್ಲಿ ನಿಂತು ಬಿಯರ್ ಕುಡಿಯುತ್ತದೆ. ಬೀದಿಗೆ ಹಾಡು ಕೇಳಿಸಿ ಬಾಗಿಲು ತಟ್ಟಿದ ಸಂಗೀತ ಲೈಸೆನ್ಸಿನ ಅಧಿಕಾರಿ ಮೆರೆಟೆಗೂ ಹೀಗೇ ಹೇಳಿದೆ.

"ಹಾಗಾದ್ರೆ ರೆಕಾರ್ಡು ನಿಲ್ಸಿ ಯಜಮಾನ್ರೇ. ಗಿರಾಕಿಗಳಿಗೆ ಹಾಕೋಕೆ ಲೈಸೆನ್ಸ್ ಬೇಕು."

"ಹಾಡ್ತಿರೋಳು ನನ್ನ ಹೆಂಡ್ತಿ ಗುಡ್ರುನ್ ಕಣಮ್ಮಾ!"

"ಯಾರ ಹೆಂಡ್ತಿ ಹಾಡಿದ್ರೂ ಅಷ್ಟೇ. ನೀವೊಬ್ರೇ ಕೂತು ಕೇಳೋದಾದ್ರೆ ಮಾತ್ರ ಲೈಸೆನ್ಸ್ ಬೇಡ."

ಅವಳು ಒಳಗೆ ಕಣ್ಣಾಡಿಸಿದಳು. ಕುರ್ಚಿಗಳೆಲ್ಲ ಮೇಜಿನ ಮೇಲೆ ಮಗುಚಿದ್ದವು. ಬಿಯರ್ ನಲ್ಲಿಗೆ ಗುಡ್ರುನಳ ಏಪ್ರನ್ ನೇತುಹಾಕಿತ್ತು.

"ಅರ್ಧ ಡೆನ್ಮಾರ್ಕ್ ಎಲ್ಲಿ, ಈಜೋಕೆ ಹೋಯ್ತಾ?"

ರೆಕಾರ್ಡಿನ ಸೂಜಿ ಎತ್ತಲು ಕೈ ಚಾಚಿದೆ. ಆಗಲಿಲ್ಲ.

"ಯಾರೂ ಬರಲ್ಲ ತಾಯಿ," ಎಂದೆ. "ಅವಳು ತೀರಿಹೋದ್ಮೇಲೆ ಬಾರನ್ನ ನಾನು ತೆಗೆದೇ ಇಲ್ಲ. ದಿನಾ ಒಬ್ಬನೇ ಕೂತು ಕೇಳ್ತೀನಿ. ಬಾರು ತುಂಬಿದೆ ಅಂತ ಹೇಳ್ಕೊಂಡಾಗ ಮಾತ್ರ ಅವಳಿನ್ನೂ ಇಲ್ಲೇ ನಿಂತು ಹಾಡ್ತಿದ್ದಾಳೆ ಅನ್ಸುತ್ತೆ."