ಬೋತೊನ ಮಗಳು

ಇಪ್ಪತ್ತೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಎದಿಲೂಜಾ, ಕೊನೆಗೆ ಬಾಯಿ ಬಿಟ್ಟದ್ದು ಗುರುತು ಪರಿಚಯವಿಲ್ಲದ ಒಬ್ಬ ಪಟ್ಟಣದ ಹುಡುಗಿಯ ಮುಂದೆ.

ಆ ಹುಡುಗಿ ಬಿಯಾಂಕಾ, ಟೀವಿ ಧಾರಾವಾಹಿಯವರ ಜೊತೆ ದ್ವೀಪಕ್ಕೆ ಬಂದಿದ್ದಳು. ಹಿಮ್ಮಡಿ ಮುಂದಾಗಿರುವ ಕಾಡಿನ ಕಾವಲುಗಾರ, ಹಾಡಿ ಕರೆದು ಮುಳುಗಿಸುವ ನೀರಿನ ಹೆಣ್ಣು, ಇಂಥವರದೇ ಕಥೆಗಳು ಅವರಿಗೆ ಬೇಕಾಗಿದ್ದವು. ಬೋತೊನ ಕಥೆ ಯಾರಿಗೆ ಗೊತ್ತು ಎಂದು ಕೇಳಿದಾಗ ಊರು ಒಂದೇ ಬೆರಳು ತೋರಿಸಿತು: "ಎದಿಲೂಜಾನ ಕೇಳಿ. ಅವಳ ಮಗಳು ಜಾಂಡಿರಾ ಬೋತೊಗೇ ಹುಟ್ಟಿದವಳು."

ಆ ದ್ವೀಪದಲ್ಲಿ ಇದು ಬೈಗುಳವಲ್ಲ. ಗಂಡನಿಲ್ಲದ ಹುಡುಗಿ ಬಸುರಾದರೆ, ಹೊಳೆಯ ಗುಲಾಬಿ ಡಾಲ್ಫಿನ್ ಬೋತೊ, ಜೂನ್ ಹಬ್ಬದಲ್ಲಿ ಬಿಳಿ ಸೂಟು ತೊಟ್ಟು ಗಂಡಸಾಗಿ ಬಂದು, ಅವಳೊಡನೆ ಕುಣಿದು, ಬೆಳಗಾಗುವ ಮುಂಚೆ ನೀರಿಗಿಳಿದು ಹೋಯಿತು ಎನ್ನುತ್ತಾರೆ. ಆಮೇಲೆ ಯಾರೂ ಏನನ್ನೂ ಕೇಳುವಂತಿಲ್ಲ. ಮನೆಯ ಮಾನ ಉಳಿಯುತ್ತದೆ. ಮಾಡಿದವನ ಮಾನವೂ ಉಳಿಯುತ್ತದೆ. ಎದಿಲೂಜಾಳ ಬಾಯಿಗೆ ಆ ಮಾತು ತುರುಕಿದವಳು ಅವಳ ತಾಯಿಯೇ: "ಹೊಳೆ ಮೇಲೆ ಹಾಕು ಮಗಳೇ. ಹೊಳೆ ಯಾರ ಮನೆ ಬಾಗಿಲಿಗೂ ಜಗಳಕ್ಕೆ ಬರಲ್ಲ."

ಬೋತೊನ ಹೆಸರಿನ ಹಿಂದಿದ್ದ ಗಂಡಸು ಆಲ್ಸಿದೆಸ್. ದ್ವೀಪದ ಅಸಾಯಿ ಹಣ್ಣನ್ನೆಲ್ಲ ಕೊಂಡು ಪಟ್ಟಣಕ್ಕೆ ಸಾಗಿಸುವ ದೋಣಿಯ ಸಾಹುಕಾರ. ಹತ್ತೊಂಬತ್ತರ ವಯಸ್ಸಿನಲ್ಲಿ ಎದಿಲೂಜಾ ಪಟ್ಟಣದ ಅವನ ಮನೆಯಲ್ಲಿ ಅಡುಗೆ ಕೆಲಸಕ್ಕಿದ್ದಳು. ಈಗ ಅವನು ಅದೇ ಕೆಲಸಕ್ಕೆ ಜಾಂಡಿರಾಳನ್ನು ಕೇಳಿದ್ದ. "ನನ್ನ ಹೆಂಡ್ತಿಗೆ ಸೊಂಟ ಹಿಡಿದಿದೆ. ನಿನ್ನ ಮಗಳನ್ನ ಕಳಿಸು, ಸಂಜೆ ಸ್ಕೂಲಿಗೂ ಸೇರಿಸ್ತೀನಿ." ಜಾಂಡಿರಾ ಹೋಗಲು ತುದಿಗಾಲಲ್ಲಿ ನಿಂತಿದ್ದಳು.

ಬಿಯಾಂಕಾಳಿಗೆ ಎದಿಲೂಜಾ ಎಲ್ಲವನ್ನೂ ಹೇಳಿದಳು. ಅಡುಗೆಮನೆಯ ಹಿಂದಿನ ಕೋಣೆ, ಮರಗೆಣಸಿನ ಹಿಟ್ಟಿನ ಮೂಟೆಗಳು, ಬಾಗಿಲ ಅಗಳಿ ಬಿದ್ದ ಸದ್ದು, ಆ ಹೆಸರು. ಬಿಯಾಂಕಾ ಕಣ್ಣೊರೆಸಿಕೊಂಡು, "ಇದನ್ನ ನಾವು ತೋರಿಸ್ತೀವಮ್ಮ" ಎಂದಳು. ತಾನು ಹೇಳಿದರೆ ಊರು ನಕ್ಕೀತು, ಟೀವಿ ಹೇಳಿದರೆ ಪಾದ್ರಿಯೂ ತಲೆಯಾಡಿಸುತ್ತಾನೆ ಎಂಬುದು ಎದಿಲೂಜಾಳ ಎಣಿಕೆ. ಅಲ್ಲಿಯವರೆಗೆ ಮಗಳನ್ನು ಹಿಡಿದಿಟ್ಟರಾಯಿತು. ಅಸಾಯಿ ಕೊಯ್ಲು ಮುಗಿಯಲಿ, ಸೀಗಡಿ ಬುಟ್ಟಿ ಹೆಣೆದಾಗಲಿ ಎನ್ನುತ್ತ ಎಂಟು ತಿಂಗಳು ತಳ್ಳಿದಳು.

ಧಾರಾವಾಹಿಯ ಮೊದಲ ಕಂತನ್ನು ಊರಿಗೆ ತೋರಿಸಲು ಟೀವಿಯವರು ಮತ್ತೆ ಬಂದರು. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಕಿಟಕಿಗಳಿಗೆ ಕಂಬಳಿ ಕಟ್ಟಿ, ಬಿಳಿ ಪರದೆ ಇಳಿಬಿಟ್ಟರು. ಮುಂದಿನ ಕುರ್ಚಿಯಲ್ಲಿ ಆಲ್ಸಿದೆಸ್. ಚಿತ್ರೀಕರಣಕ್ಕೆ ದೋಣಿ ಕೊಟ್ಟವನು ಅವನೇ. "ನನ್ನ ದೋಣಿ ನೋಡ್ರೋ, ನನಗಿಂತ ಚೆನ್ನಾಗಿ ನಟನೆ ಮಾಡುತ್ತೆ!" ಎಂದು ಕೂಗುತ್ತಿದ್ದ.

ಪರದೆಯ ಮೇಲೆ ಅಡುಗೆಮನೆ ಬಂತು. ಎದಿಲೂಜಾ ಬೆಂಚಿನ ಅಂಚು ಹಿಡಿದುಕೊಂಡಳು. ಹಿಟ್ಟಿನ ಮೂಟೆಗಳು ಬಂದವು. ಅಗಳಿ ಬಿತ್ತು, ಅದೇ ಸದ್ದು. ಬಾಗಿಲಲ್ಲಿ ಬಿಳಿ ಸೂಟಿನ ಚೆಲುವ ನಿಂತಿದ್ದ, ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಪಿಟೀಲಿನ ದನಿ ಎದ್ದಿತು. ಹುಡುಗಿ ನಕ್ಕು ಕೈ ಚಾಚಿದಳು. ಅವನು ಅವಳನ್ನೆತ್ತಿಕೊಂಡು ಹಸಿರು ಬೆಳಕಿನ ಹೊಳೆಗಿಳಿದ.

ಚರ್ಚಿಗೆ ಚರ್ಚೇ ನಿಟ್ಟುಸಿರಿಟ್ಟಿತು. "ನಮ್ಮ ಕಾಲಕ್ಕೆ ಇಂಥ ಬೋತೊ ಬರಲೇ ಇಲ್ಲ ಕಣ್ರೇ, ಬಂದೋವೆಲ್ಲ ಕುಡುಕ ಬೋತೊಗಳೇ" ಎಂದಳು ಮುದುಕಿ ಜುಲ್ಮೀರಾ. ಎಲ್ಲರೂ ಗೊಳ್ಳೆಂದರು. ಆಲ್ಸಿದೆಸ್ ಹಿಂದಕ್ಕೆ ತಿರುಗಿ, "ಅದೃಷ್ಟವಂತೆ ಕಣೇ ನೀನು, ಎದಿಲೂಜಾ!" ಎಂದ.

ಹೊರಗೆ ಬಿಯಾಂಕಾ ತಲೆ ತಗ್ಗಿಸಿ ನಿಂತಿದ್ದಳು. "ಕೋಪ ಮಾಡ್ಕೋಬೇಡಿ ಅಮ್ಮ. ಮೇಲಿನವರು ಒಪ್ಪಲಿಲ್ಲ. ಇದು ಮಾಯಾಲೋಕದ ಕಥೆ, ಜನಕ್ಕೆ ಹಿತವಾಗಿರಬೇಕು ಅಂದ್ರು."

"ಅಗಳಿ ಮಾತ್ರ ನನ್ನದೇ ಬೇಕಾಯ್ತಾ ಅವರಿಗೆ?"

ಮನೆಗೆ ಹೋಗುವಾಗ ನಡು ಹೊಳೆಯಲ್ಲಿ ಎದಿಲೂಜಾ ಹುಟ್ಟು ಹಾಕುವುದನ್ನು ನಿಲ್ಲಿಸಿ ಮಗಳಿಗೆ ಹೇಳಿದಳು. ಎಂಟು ತಿಂಗಳ ಹಿಂದೆಯೇ ಹೇಳಬೇಕಾಗಿದ್ದ ಮಾತು. ಜಾಂಡಿರಾ ಬಹಳ ಹೊತ್ತು ದೋಣಿಯೊಳಗಿನ ನೀರನ್ನು ಸೋರೆ ಬುರುಡೆಯಿಂದ ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ನೀರು ಮುಗಿದ ಮೇಲೂ ಮೊಗೆದಳು.

"ಅವನಿಗೆ ಗೊತ್ತಾ?"

"ಎರಡನೇ ತಿಂಗಳಲ್ಲೇ ಹೇಳಿದ್ದೆ. ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದ."

"ಹಾಗಾದ್ರೆ ಅದು ನಮ್ಮಪ್ಪನ ಮನೆ."

"ಜಾಂಡಿರಾ!"

"ಇಷ್ಟು ದಿನ ಹೊಳೆ ಮಗಳು ಅಂದೆ, ನಂಬಿದೆ. ಈಗ ಅವನ ಮಗಳು ಅಂತೀಯ, ಇದನ್ನೂ ನಂಬ್ತೀನಿ. ಪಾತ್ರೆ ತೊಳೆಯೋಕೆ ಹೋಗಲ್ಲಮ್ಮ, ನನ್ನ ಪಾಲು ಕೇಳೋಕೆ ಹೋಗ್ತೀನಿ."

"ಅವನು ಕೊಡೋನಲ್ಲ ಕಣೇ."

"ನೀನು ಕೇಳಿದ್ದೆಯಾ?"

ಎದಿಲೂಜಾ ಮತ್ತೆ ಹುಟ್ಟು ಕೈಗೆತ್ತಿಕೊಂಡಳು.

ಸೋಮವಾರ ಬೆಳಿಗ್ಗೆ ಉಬ್ಬರದ ನೀರಿನೊಡನೆ ಆಲ್ಸಿದೆಸ್‌ನ ದೋಣಿ ಬಂತು. ಜಾಂಡಿರಾ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದಳು. ಕೂಲಿಯವರ ಜೊತೆ ಹಿಂದೆ ಕೂರದೆ, ನೆಟ್ಟಗೆ ಹೋಗಿ ಸಾಹುಕಾರನ ಪಕ್ಕದ ಹಲಗೆಯ ಮೇಲೆ ಕುಳಿತಳು. ಆಲ್ಸಿದೆಸ್ ಬೆರಗಾಗಿ ನೋಡಿದ. ಆಮೇಲೆ ನಕ್ಕು, ಸರಿದು ಜಾಗ ಕೊಟ್ಟು, ಅವಳನ್ನು ಅಡಿಯಿಂದ ಮುಡಿಯವರೆಗೆ ಇನ್ನೊಮ್ಮೆ ನಿಧಾನವಾಗಿ ನೋಡಿದ. ಅಪ್ಪ ಮಗಳನ್ನು ನೋಡುವ ನೋಟ ಹೇಗಿರುತ್ತದೆಂದು ಎದಿಲೂಜಾಗೆ ಗೊತ್ತಿರಲಿಲ್ಲ, ಅವಳಪ್ಪ ಬೇಗ ಸತ್ತಿದ್ದ. ಆದರೆ ಇದು ಅದಲ್ಲ ಎಂದು ಗೊತ್ತಿತ್ತು.

ಅವಳು ಮೊಣಕಾಲುದ್ದ ನೀರಿಗಿಳಿದು ಕೂಗಿದಳು. ಅವನ ಹೆಸರು ಹಿಡಿದು, ಇಡೀ ದಂಡೆಗೆ ಕೇಳುವ ಹಾಗೆ, ಇದ್ದದ್ದನ್ನೆಲ್ಲ ಕೂಗಿದಳು. ದೋಣಿಯ ಎಂಜಿನ್ ಅಷ್ಟರಲ್ಲಿ ಶುರುವಾಗಿ ಅಬ್ಬರಿಸುತ್ತಿತ್ತು. ದಂಡೆಯ ಮೇಲಿದ್ದವರಿಗೆ ಮಾತ್ರ ಕೇಳಿಸಿತು. ಅವರು ಮುಖ ಮುಖ ನೋಡಿಕೊಂಡರು.

ಜುಲ್ಮೀರಾ ನೀರಿಗಿಳಿದು ಬಂದು ಅವಳ ರಟ್ಟೆ ಹಿಡಿದಳು. "ಸಾಕು ಬಾರೇ, ಆ ಸಿನಿಮಾ ನಿನ್ನ ತಲೆ ಕೆಡಿಸಿದೆ. ಸಾಹುಕಾರನ ಮೇಲೆ ಇಂಥ ಮಾತು ಆಡಬಾರದು. ನಾಳೆ ನಮ್ಮ ಹಣ್ಣು ಯಾರು ಕೊಳ್ತಾರೆ?"