ಮನೆಯಲ್ಲಿ ನೋಡದ ಡಾಕ್ಟರು

ನನ್ನ ಮಗಳು ನೂರೀನಳಿಗೆ ಹನ್ನೊಂದು ವರ್ಷ. ಆ ದಿನ ಬೆಳಗಿನ ಆರಕ್ಕೇ ಹೊಟ್ಟೆಯ ಬಲಗಡೆ ಕೈ ಒತ್ತಿಕೊಂಡು ಬಾಗಿ ಕೂತುಬಿಟ್ಟಳು. ನೆರೆಮನೆಯ ಪಾಲಯ್ಯನ ಆಟೋದಲ್ಲಿ ಉಜ್ಜಿನಿಯಿಂದ ಕೂಡ್ಲಿಗಿಗೆ ಹೊರಟೆವು.

"ಲೇ ರಹಿಮಾನ, ಮೊದ್ಲು ಡಾಕ್ಟ್ರ ಮನಿಗೆ ಹೋಗಬೇಕಲೇ. ಅಲ್ಲಿ ಒಮ್ಮೆ ಮಾರಿ ತೋರಿಸಿದ್ರ ಆಸ್ಪತ್ರ್ಯಾಗ ಮಂಚ ಸಿಗ್ತೈತಿ," ಎಂದ ಪಾಲಯ್ಯ. ನನ್ನ ಗ್ಯಾರೇಜಿಗೆ ಬರುವವರೂ ಹೀಗೇ ಹೇಳುತ್ತಿದ್ದರು. ನಂಬಿದೆ.

ಸರ್ಕಾರಿ ಆಸ್ಪತ್ರೆಯ ಸರ್ಜನ್ ಭೂಮಿಕಾ ಮೇಡಂ ತಮ್ಮ ಮನೆಯ ಗೇಟಿನಲ್ಲೇ ಇದ್ದರು. ಆಟೋ ಅವರಿಗೆ ಬೆನ್ನು ಮಾಡಿ ನಿಂತಿತ್ತು. ಒಳಗೆ ಮಲಗಿದ್ದ ಮಗಳು ಕಾಣುವಂತಿರಲಿಲ್ಲ.

"ಮಗಳಿಗೆ ಹೊಟ್ಟಿನೋವ್ರಿ ಮೇಡಂ. ಫೀಸು ತಂದೀನ್ರಿ."

"ಮನೇಲಿ ನಾನು ಯಾರನ್ನೂ ನೋಡಲ್ಲ. ಆಸ್ಪತ್ರೆಗೆ ಕರ್ಕೊಂಡು ಬನ್ನಿ," ಎಂದು ಒಳಗೆ ಹೋದರು.

ಸಾಗಹಾಕಿದರು ಅಂದುಕೊಂಡೆ. ಮನೆಯಲ್ಲೇ ಬೇಡವೆಂದವರು ಆಸ್ಪತ್ರೆಯಲ್ಲಿ ಮುಟ್ಟುತ್ತಾರೆಯೇ? "ಹೊಸಪೇಟಿಗೆ ಹೊಡಿಯಲೇ," ಎಂದೆ.

ಹೆದ್ದಾರಿಯಲ್ಲಿ ನಾಲ್ಕೈದು ಕಿಲೋಮೀಟರು ಹೋಗಿದ್ದೆವು. ಪಾಲಯ್ಯನ ಫೋನು ಬಡಿದುಕೊಂಡಿತು. ನಾನೇ ಎತ್ತಿದೆ.

"ಎಲ್ಲಿದೀರಾ? ನಾನು ಆಸ್ಪತ್ರೇಲಿ ಕಾಯ್ತಿದೀನಿ!" ಭೂಮಿಕಾ ಮೇಡಂ. ಆಟೋದ ಹಿಂದೆ ಬರೆಸಿದ್ದ ಫೋನ್ ನಂಬರನ್ನು ನೋಡಿಟ್ಟುಕೊಂಡಿದ್ದರಂತೆ. ನೋವು ಯಾವ ಕಡೆ, ವಾಂತಿಯಾಯಿತೇ, ಜ್ವರವಿದೆಯೇ ಎಂದು ಕೇಳಿದರು. ಹೇಳಿದೆ. "ತಿರುಗ್ಸಿ ಆಟೋನ. ಈಗ್ಲೇ."

ಪಾಲಯ್ಯ ತಿರುಗಿಸಿದ. "ನಾ ಮೊದ್ಲ ಅಂದಿದ್ನಿಲ್ಲ, ಭಾಳ ಚಲೋ ಡಾಕ್ಟ್ರು ಅಂತ?"

"ಯಾವಾಗ ಅಂದಿದ್ಯಲೇ?"

"ಈಗ ಅಂದ್ನೆಲ್ಲ!"

ಮೇಡಂ ತಾವೇ ಸ್ಟ್ರೆಚರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹೊಟ್ಟೆ ಮುಟ್ಟಿದ ಕೂಡಲೇ ನೂರೀನ ಕಿರುಚಿದಳು.

"ಅಪೆಂಡಿಕ್ಸ್. ತಡ ಮಾಡಿದ್ರೆ ಒಳಗೇ ಒಡೆಯುತ್ತೆ. ಆಪರೇಷನ್ ಮಾಡ್ಬೇಕು."

ನನ್ನ ಕೈ ತಾನಾಗಿ ಜೇಬಿಗೆ ಹೋಯಿತು.

"ಕೈ ಹೊರಗೆ ತೆಗೀರಿ. ಮನೇಲಿ ಒಬ್ಬರನ್ನ ನೋಡಿದ್ರೆ, ನಾವೂ ಅಲ್ಲಿಗೇ ಹೋಗಿ ದುಡ್ಡು ಕೊಡ್ಬೇಕಿತ್ತೇನೋ ಅಂತ ಇಲ್ಲಿ ಮಲಗಿರೋರೆಲ್ಲ ಹೆದರ್ತಾರೆ. ಅದಕ್ಕೇ ನೋಡಲ್ಲ." ಆಮೇಲೆ ದನಿ ತಗ್ಗಿಸಿದರು. "ಆದ್ರೆ ಮಗು ಎಲ್ಲಿದೆ ಅಂತ ಗೇಟಲ್ಲೇ ಕೇಳ್ಬೇಕಿತ್ತು. ಅದು ನನ್ನ ತಪ್ಪು."

ಅಷ್ಟು ಓದಿದವರು, ಗ್ರೀಸು ಮೆತ್ತಿದ ಅಂಗಿಯ ಒಬ್ಬ ಮೆಕ್ಯಾನಿಕ್‌ನ ಎದುರು ತಪ್ಪೊಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು. ಸ್ಟ್ರೆಚರಿನ ಇನ್ನೊಂದು ತುದಿ ಹಿಡಿದೆ.

ಒಂದು ಗಂಟೆಯ ಮೇಲೆ ಮೇಡಂ ಆಪರೇಷನ್ ಕೋಣೆಯಿಂದ ಹೊರಬಂದು, "ಒಡೆದಿರ್ಲಿಲ್ಲ," ಎಂದರು. ನಾನು ಗೋಡೆಗೆ ಒರಗಿ ಕೂತುಬಿಟ್ಟೆ.

ಎರಡನೇ ದಿನ ಬೆಳಿಗ್ಗೆ ಒಂದೊಂದೇ ಮಂಚ ನೋಡುತ್ತ ನಮ್ಮಲ್ಲಿಗೆ ಬಂದರು. ಇಡೀ ವಾರ್ಡಿಗೆ ಕೇಳುವಂತೆ, "ನೂರೀನಾ, ಗ್ಯಾಸ್ ಹೋಯ್ತಾ? ಹೋಗಿದ್ರೆ ಮಾತ್ರ ಇಡ್ಲಿ!" ಎಂದರು.

ಎಲ್ಲರೂ ನಕ್ಕರು. ನೂರೀನ ಮುಖದ ಮೇಲೆ ಹೊದಿಕೆ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಹೊದಿಕೆಯೊಳಗಿಂದ ಎರಡು ಬೆರಳು ಮೇಲೆದ್ದವು.

ಪಾಲಯ್ಯ ಎರಡು ಇಡ್ಲಿ ತರಲು ಓಡಿದ.